ನೂರು ಎಂಬಿಪಿಎಸ್ ಇದ್ದರೂ ಕರೆ ತಡವರಿಸುವುದೇಕೆ?

ವಿಡಿಯೊ ಕರೆಯಲ್ಲಿ ಮುಖ ಕಲ್ಲಿನಂತೆ ನಿಲ್ಲುತ್ತದೆ, ಮಾತು ತುಂಡಾಗುತ್ತದೆ. ಸ್ಪೀಡ್ ಟೆಸ್ಟ್ ಮಾತ್ರ 100 ಎಂಬಿಪಿಎಸ್ ಎನ್ನುತ್ತದೆ! ಕರೆಗೆ ಅಷ್ಟು ವೇಗ ಬೇಕಿಲ್ಲ. ಮಾತು, ಚಿತ್ರ ಹೊತ್ತ ಪ್ಯಾಕೆಟ್‌ಗಳು ತಡವಿಲ್ಲದೆ ತಲುಪಬೇಕು. ಹಾಗಾಗಿ ಇನ್ನೂ ದುಬಾರಿ ಪ್ಲ್ಯಾನ್ ಹಾಕಿಸುವ ಮುನ್ನ ದೋಷ ಎಲ್ಲಿದೆ ನೋಡಿ.

ಲ್ಯಾಪ್‌ಟಾಪ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ರೂಟರ್‌ಗೆ ಪಿಂಗ್ ಕೊಡಿ (ping ಎಂದು ಬರೆದು ಮುಂದೆ ಅದರ ವಿಳಾಸ ಹಾಕಿ). ಅದರ ವಿಳಾಸ ಸಾಮಾನ್ಯವಾಗಿ 192.168.1.1 ಅಥವಾ 192.168.0.1, ರೂಟರ್‌ನ ತಳದ ಚೀಟಿಯಲ್ಲೂ ಇರುತ್ತದೆ. ಉತ್ತರ 2ರಿಂದ 5 ಮಿಲಿಸೆಕೆಂಡಿನಲ್ಲಿ ಬರುತ್ತಿದ್ದರೆ ವೈ-ಫೈ ಚೆನ್ನಾಗಿದೆ. ಆಗಾಗ 100, 200ಕ್ಕೆ ಜಿಗಿದರೆ ತೊಂದರೆ ಮನೆಯೊಳಗೇ ಇದೆ. ಮುಂದಿನ ಪ್ರತಿ ಬದಲಾವಣೆಯ ನಂತರವೂ ಹೀಗೆಯೇ ಅಳೆಯಿರಿ.

ಮೊದಲ ಕೆಲಸ, ಟಿವಿ ಮತ್ತು ಡೆಸ್ಕ್‌ಟಾಪ್‌ಗೆ ಕೇಬಲ್ ಎಳೆಯುವುದು. ಇದಕ್ಕಿಂತ ಹೆಚ್ಚು ಫಲ ಕೊಡುವ ಉಪಾಯ ನನಗೆ ಗೊತ್ತಿಲ್ಲ. ವೈ-ಫೈನ ಒಂದು ಚಾನೆಲ್‌ನಲ್ಲಿ ಒಂದು ಸಲಕ್ಕೆ ಸಾಮಾನ್ಯವಾಗಿ ಒಂದೇ ಸಾಧನ ಮಾತಾಡಬಹುದು. ಉಳಿದವು ಕಿವಿಗೊಟ್ಟು ಕಾಯಬೇಕು. ದೂರದ ಕೋಣೆಯ ಫೋನ್ ನಿಧಾನವಾಗಿ ಮಾತಾಡುವುದರಿಂದ ಎಲ್ಲರ ಸಮಯವನ್ನೂ ತಿನ್ನುತ್ತದೆ. ಕದಲದ ಸಾಧನಗಳು ಕೇಬಲ್‌ಗೆ ಹೋದಷ್ಟೂ ಕದಲುವವಕ್ಕೆ ಗಾಳಿ ತೆರವಾಗುತ್ತದೆ.

ರೂಟರನ್ನು ಶೋಕೇಸಿನಿಂದ ಹೊರತೆಗೆದು, ಮನೆಯ ನಡುಭಾಗದಲ್ಲಿ, ಎತ್ತರದಲ್ಲಿಡಿ.

ಕರೆ, ಆಟಗಳಿಗೆ 5 ಗಿಗಾಹರ್ಟ್ಸ್ ಬಳಸಿ. ಅದು ಗೋಡೆ ದಾಟುವುದು ಕಷ್ಟ, ಆದರೆ ಅಲ್ಲಿ ಗದ್ದಲ ಕಡಿಮೆ. 2.4 ಗಿಗಾಹರ್ಟ್ಸ್‌ನಲ್ಲಿ ಅಕ್ಕಪಕ್ಕದವರ ರೂಟರ್‌ಗಳ ಜೊತೆ ಅಡುಗೆಮನೆಯ ಮೈಕ್ರೊವೇವ್ ಒಲೆಯೂ ಅಡ್ಡಿ ಮಾಡುತ್ತದೆ. 2.4 ಅನ್ನೇ ಬಳಸಬೇಕಾದರೆ ಒಂದರ ಮೇಲೊಂದು ಬೀಳದ 1, 6, 11ನೇ ಚಾನೆಲ್‌ಗಳಲ್ಲಿ ಖಾಲಿಯಿರುವುದನ್ನು ಆರಿಸಿ, ಅಗಲ 20 ಮೆಗಾಹರ್ಟ್ಸ್ ಇರಲಿ. ಅಪಾರ್ಟ್‌ಮೆಂಟ್‌ನಲ್ಲಿ 5 ಗಿಗಾಹರ್ಟ್ಸ್‌ನ ಅಗಲವನ್ನೂ 80ರಿಂದ 40ಕ್ಕೆ ಇಳಿಸಿ ನೋಡಿ. ವೇಗ ಕುಗ್ಗಬಹುದು, ಸ್ಥಿರತೆ ಹೆಚ್ಚುತ್ತದೆ.

ಮಹಡಿಗೆ ಸಿಗ್ನಲ್ ಸಾಲದಿದ್ದರೆ ರಿಪೀಟರ್ ಕೊಳ್ಳಬೇಡಿ. ಕೇಳಿದ್ದನ್ನೇ ಅದೇ ಚಾನೆಲ್‌ನಲ್ಲಿ ಮತ್ತೆ ಹೇಳುವ ರಿಪೀಟರ್‌ನಿಂದ ಕಾಯುವಿಕೆ ಇಮ್ಮಡಿಯಾಗುತ್ತದೆ. ಕೇಬಲ್ ಎಳೆದು ಎರಡನೇ ಆ್ಯಕ್ಸೆಸ್ ಪಾಯಿಂಟ್ ಹಾಕಿಸಿ.

ರೂಟರ್‌ನ ಪಿಂಗ್ ಸರಿಯಿದ್ದೂ ಕರೆ ತಡವರಿಸಿದರೆ ಅಪ್‌ಲೋಡ್ ಗಮನಿಸಿ. ಯಾರದೋ ಫೋನ್ ಫೋಟೊ ಬ್ಯಾಕಪ್ ಮಾಡುವಾಗ ರೂಟರ್‌ನಲ್ಲಿ ಪ್ಯಾಕೆಟ್‌ಗಳ ಉದ್ದ ಸಾಲು ಬೆಳೆಯುತ್ತದೆ. ನಿಮ್ಮ ಮಾತು ಆ ಸಾಲಿನ ಕೊನೆಯಲ್ಲಿ ನಿಂತಿರುತ್ತದೆ. ರೂಟರ್‌ನಲ್ಲಿ ಈ ಸಾಲನ್ನು ಚಿಕ್ಕದಾಗಿಡುವ ‘ಎಸ್‌ಕ್ಯೂಎಂ’ ಆಯ್ಕೆಯಿದ್ದರೆ ಚಾಲೂ ಮಾಡಿ, ಮಿತಿಯನ್ನು ಅಳೆದ ವೇಗದ ಶೇ 85–90ಕ್ಕೆ ಇಡಿ. ಆಯ್ಕೆಯಿಲ್ಲವೇ? ಬ್ಯಾಕಪ್ ರಾತ್ರಿ ನಡೆಯಲಿ.