ಐದು ಲಕ್ಷ ಎಂಬುದು ಮಿತಿ, ಖರ್ಚಲ್ಲ

ಪ್ರಶ್ನೆ: ಚುನಾವಣೆ ಬಂದಾಗಲೆಲ್ಲ ಎಲ್ಲ ಪಕ್ಷದವರೂ ಲಕ್ಷಗಟ್ಟಲೆ ರೂಪಾಯಿಯ ಉಚಿತ ಚಿಕಿತ್ಸೆಯ ಮಾತಾಡುತ್ತಾರೆ. ದುಡ್ಡು ಎಲ್ಲಿಂದ ಎಂದರೆ ‘ಸರ್ಕಾರ ಕೊಡುತ್ತದೆ’ ಎನ್ನುತ್ತಾರೆ. ಆರೋಗ್ಯ ಯೋಜನೆಗಳ ಖರ್ಚಿನ ಬಗ್ಗೆ ನಮ್ಮ ಶಾಸಕರನ್ನು, ಸಂಸದರನ್ನು ಏನು ಕೇಳಬೇಕು? ಹೇಗೆ ಕೇಳಬೇಕು?
— ಒಬ್ಬ ಓದುಗರು, ಹಾವೇರಿ ಜಿಲ್ಲೆ

ಉತ್ತರ: ಮೊದಲು ಆ ಲಕ್ಷದ ಲೆಕ್ಕವನ್ನೇ ನೋಡೋಣ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ಎಂಬುದು ಚಿಕಿತ್ಸೆಯ ಗರಿಷ್ಠ ಮಿತಿ. ಯಾರ ಹೆಸರಿನಲ್ಲೂ ಅಷ್ಟು ಹಣ ಎತ್ತಿಟ್ಟಿಲ್ಲ. ನಾಳೆ ಯಾರಾದರೂ ಅದನ್ನು ಹತ್ತು ಲಕ್ಷಕ್ಕೆ ಏರಿಸಿದರೆ ಆ ದಿನ ಬೊಕ್ಕಸದಿಂದ ಒಂದು ರೂಪಾಯಿಯೂ ಹೊರಡಬೇಕಾಗಿಲ್ಲ. ಆದ್ದರಿಂದ ಎಷ್ಟು ಲಕ್ಷ ಕೊಡುತ್ತೀರಿ ಎಂದು ಕೇಳಬೇಡಿ. ಹೋದ ವರ್ಷ ನಮ್ಮ ತಾಲ್ಲೂಕಿನ ಎಷ್ಟು ರೋಗಿಗಳಿಗಾಗಿ ಎಷ್ಟು ಹಣ ಪಾವತಿಯಾಯಿತು, ಕಾರ್ಡು ಇದ್ದೂ ಅವರು ಕೈಯಿಂದ ಎಷ್ಟು ತೆತ್ತರು ಎಂದು ಕೇಳಿ.

‘ಸರ್ಕಾರ ಕೊಡುತ್ತದೆ’ ಎಂದರೆ ಯಾವ ಸರ್ಕಾರ ಎನ್ನುವುದು ಮುಂದಿನ ಪ್ರಶ್ನೆ. 2018ರಲ್ಲಿ ರಾಜ್ಯದ ಆರೋಗ್ಯ ಕರ್ನಾಟಕವೂ ಕೇಂದ್ರದ ಆಯುಷ್ಮಾನ್ ಭಾರತವೂ ಒಂದಾದವು. ಕೇಂದ್ರದ ಪಟ್ಟಿಯಲ್ಲಿರುವ ಕುಟುಂಬಗಳ ವೆಚ್ಚವನ್ನು ಕೇಂದ್ರ ಮತ್ತು ರಾಜ್ಯ 60:40ರಂತೆ ಹಂಚಿಕೊಳ್ಳುತ್ತವೆ. ಕೇಂದ್ರದ ಪಾಲಿಗೆ ಕುಟುಂಬಕ್ಕೆ ಇಷ್ಟೇ ಎಂಬ ಮಿತಿಯೂ ಇದೆ. ಆ ಪಟ್ಟಿಯ ಹೊರಗೆ ರಾಜ್ಯವೇ ಸೇರಿಸಿಕೊಂಡ ಕುಟುಂಬಗಳ ಖರ್ಚು ಪೂರ್ತಿ ರಾಜ್ಯದ್ದು. ಸಂಸದರೂ ಶಾಸಕರೂ ಒಬ್ಬರ ಕಡೆ ಇನ್ನೊಬ್ಬರು ಬೆರಳು ತೋರಿಸಲು ಇಲ್ಲಿ ಬೇಕಾದಷ್ಟು ಜಾಗವಿದೆ. ಇಬ್ಬರೂ ಒಂದೇ ವೇದಿಕೆಯಲ್ಲಿ ಸಿಕ್ಕಾಗ ಕೇಳುವುದು ಒಳ್ಳೆಯದು.

ನಮ್ಮ ರಾಜ್ಯ ವಿಮಾ ಕಂಪನಿಗೆ ಪ್ರೀಮಿಯಂ ಕಟ್ಟುವ ದಾರಿ ಹಿಡಿದಿಲ್ಲ. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನೇರವಾಗಿ ಆಸ್ಪತ್ರೆಗಳಿಗೆ ಹಣ ಪಾವತಿಸುತ್ತದೆ. ನಡುವೆ ಕಂಪನಿಯ ಲಾಭವಿಲ್ಲ ಎಂಬ ಕಾರಣಕ್ಕೆ ನಾನು ಈ ಏರ್ಪಾಡನ್ನು ಮೆಚ್ಚುತ್ತೇನೆ. ಆದರೆ ಇದರ ಜೀವವೆಲ್ಲ ಎರಡು ಸಂಗತಿಗಳಲ್ಲಿದೆ: ಒಂದೊಂದು ಚಿಕಿತ್ಸೆಗೆ ನಿಗದಿ ಮಾಡಿದ ಪ್ಯಾಕೇಜ್ ದರ, ಮತ್ತು ಆ ಹಣ ಆಸ್ಪತ್ರೆಗೆ ತಲುಪುವ ಸಮಯ. ದರ ತೀರಾ ಕಡಿಮೆಯಿದ್ದರೆ ಖಾಸಗಿ ಆಸ್ಪತ್ರೆ ‘ಬೆಡ್ ಇಲ್ಲ’ ಎನ್ನಬಹುದು. ಬಿಲ್ಲು ತಿಂಗಳುಗಟ್ಟಲೆ ಬಾಕಿ ಉಳಿದರೆ ‘ಈ ಟೆಸ್ಟು ಯೋಜನೆಯಲ್ಲಿ ಬರೋದಿಲ್ಲ, ಹೊರಗೆ ಮಾಡಿಸಿಕೊಂಡು ಬನ್ನಿ’ ಎನ್ನಬಹುದು. ಎರಡರ ಭಾರವೂ ಬೀಳುವುದು ರೋಗಿಯ ಮನೆಯವರ ಮೇಲೆ. ಆದ್ದರಿಂದ ದರವನ್ನು ಕೊನೆಯ ಸಲ ಯಾವಾಗ ಪರಿಷ್ಕರಿಸಿದಿರಿ, ಇವತ್ತಿಗೆ ಆಸ್ಪತ್ರೆಗಳ ಬಾಕಿ ಎಷ್ಟು ಕೋಟಿ ಎಂದು ಬಿಡದೆ ಕೇಳಬೇಕು.

ಎಪಿಎಲ್ ಕುಟುಂಬಗಳ ಸ್ಥಿತಿಯನ್ನು ಭಾಷಣಗಳಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ. ಯೋಜನೆ ಜಾರಿಗೆ ಬಂದಾಗಿನ ನಿಯಮದಂತೆ ಅವರಿಗೆ ಸಿಗುವುದು ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದೊಳಗೆ. ಒಂದು ಲಕ್ಷದ ಶಸ್ತ್ರಚಿಕಿತ್ಸೆಯಾದರೆ ಎಪ್ಪತ್ತು ಸಾವಿರ ಮನೆಯಿಂದಲೇ ಹೋಗಬೇಕು. ಎರಡೆಕರೆ ಜಮೀನು, ಒಂದು ಸಣ್ಣ ಅಂಗಡಿ ಇದ್ದು ಬಿಪಿಎಲ್ ಕಾರ್ಡು ಸಿಗದವರಿಗೆ ಅದು ಸಾಲವಲ್ಲದೆ ಬೇರೇನು?

ಇದಕ್ಕಿಂತ ದೊಡ್ಡ ಸೋರಿಕೆ ಇನ್ನೊಂದು ಕಡೆ ಇದೆ. ಆಯುಷ್ಮಾನ್ ಕಾರ್ಡು ಕೆಲಸಕ್ಕೆ ಬರುವುದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದಾಗ. ಬಿಪಿ, ಶುಗರ್ ಇರುವವರ ನಿತ್ಯದ ಮಾತ್ರೆ, ತಿಂಗಳಿಗೊಮ್ಮೆಯ ರಕ್ತಪರೀಕ್ಷೆ, ಡಾಕ್ಟರ ಫೀಸು ಅದರಲ್ಲಿ ಬರುವುದಿಲ್ಲ. ಮನೆಯನ್ನು ಸದ್ದಿಲ್ಲದೆ ಸವೆಸುವುದು ಇದೇ ಖರ್ಚು. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ಕೈಯಿಂದ ಕೊಡುವ ಪಾಲು 2013–14ರಲ್ಲಿ ಶೇ. 64.2 ಇತ್ತು, 2021–22ಕ್ಕೆ ಶೇ. 39.4ಕ್ಕೆ ಇಳಿಯಿತು. ಇದು ನಿಜವಾದ ಸುಧಾರಣೆ. ಆದರೂ ಹತ್ತರಲ್ಲಿ ನಾಲ್ಕು ರೂಪಾಯಿ ಇನ್ನೂ ನಮ್ಮ ಜೇಬಿನದೇ. 2025ರೊಳಗೆ ಸರ್ಕಾರಿ ಆರೋಗ್ಯ ವೆಚ್ಚವನ್ನು ಜಿಡಿಪಿಯ ಶೇ. 2.5ಕ್ಕೆ ಏರಿಸುತ್ತೇವೆ ಎಂದು 2017ರ ರಾಷ್ಟ್ರೀಯ ಆರೋಗ್ಯ ನೀತಿ ಬರೆದುಕೊಟ್ಟಿತ್ತು. 2021–22ರಲ್ಲಿ ನಾವಿದ್ದದ್ದು ಶೇ. 1.84ರಲ್ಲಿ. ಸಂಸದರ ಮುಂದೆ ಈ ಎರಡು ಅಂಕಿಗಳನ್ನು ಜೊತೆಗಿಟ್ಟು, ನಡುವಿನ ಅಂತರವನ್ನು ಯಾವ ವರ್ಷ ಎಷ್ಟು ತುಂಬುತ್ತೀರಿ ಎಂದು ಕೇಳಿ. ಶಾಸಕರನ್ನಾದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞರಿದ್ದಾರೆಯೇ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಶುಗರ್ ಮಾತ್ರೆ ವರ್ಷದಲ್ಲಿ ಎಷ್ಟು ತಿಂಗಳು ಸಿಕ್ಕಿತು ಎಂದು ಕೇಳಿ. ಅರಿವಳಿಕೆ ತಜ್ಞರಿಲ್ಲದ ತಾಲ್ಲೂಕಿನಲ್ಲಿ ಹೆರಿಗೆ ಕಷ್ಟವಾದ ಹೆಂಗಸನ್ನು ರಾತ್ರೋರಾತ್ರಿ ಜಿಲ್ಲಾಸ್ಪತ್ರೆಗೆ ಸಾಗಿಸಬೇಕು. ಆ ಹೊತ್ತಿನಲ್ಲಿ ಕಾರ್ಡಿನ ಮೇಲಿನ ಮೊತ್ತ ಎಷ್ಟಿದ್ದರೇನು?

ಖರ್ಚು ಕೇಳುವುದು ಯೋಜನೆಯನ್ನು ವಿರೋಧಿಸಿದಂತೆ ಎಂದು ಕೆಲವರು ಬಾಯಿ ಮುಚ್ಚಿಸಲು ನೋಡುತ್ತಾರೆ. ಹಾಗಲ್ಲ. ಆಯುಷ್ಮಾನ್ ಭಾರತದ ಲೆಕ್ಕ ಪರಿಶೀಲಿಸಿದ ಸಿಎಜಿ, ಸುಮಾರು ಏಳೂವರೆ ಲಕ್ಷ ಫಲಾನುಭವಿಗಳ ಹೆಸರು ಒಂದೇ ಮೊಬೈಲ್ ಸಂಖ್ಯೆಗೆ ಜೋಡಣೆಯಾಗಿದ್ದನ್ನು 2023ರ ವರದಿಯಲ್ಲಿ ಬಯಲಿಗಿಟ್ಟಿತು. ಯಾರೋ ಲೆಕ್ಕ ಕೇಳಿದ್ದರಿಂದಲೇ ಅದು ಹೊರಬಂತು. ಬಡವರ ಹೆಸರಿನ ಹಣ ಬಡವರಿಗೆ ತಲುಪಬೇಕೆನ್ನುವವರು ಇಂಥ ಪ್ರಶ್ನೆಗಳನ್ನು ಇನ್ನೂ ಹೆಚ್ಚು ಕೇಳಬೇಕು.

ಇನ್ನು ಕೇಳುವ ಬಗೆ. ಸಭೆಯ ಗದ್ದಲದಲ್ಲಿ ಕೇಳಿದ್ದಕ್ಕೆ ‘ನೋಡೋಣ, ಮಾಡೋಣ’ ಎಂಬ ಉತ್ತರವೇ ಸಿಗುವುದು. ಪ್ರಶ್ನೆಯನ್ನು ಬರೆದುಕೊಡಿ, ಒಂದು ಸಲಕ್ಕೆ ಒಂದೇ ವಿಷಯ, ಉತ್ತರ ಅಂಕಿಯಲ್ಲೇ ಬರಬೇಕಾದಂಥದ್ದು. ಅದನ್ನು ವಿಧಾನಸಭೆಯಲ್ಲಿ ಚುಕ್ಕೆ ಗುರುತಿಲ್ಲದ ಪ್ರಶ್ನೆಯಾಗಿ ಕೇಳುವಂತೆ ಶಾಸಕರಲ್ಲಿ ಕೋರಿ. ಆಗ ಸಚಿವರು ಲಿಖಿತ ಉತ್ತರ ಕೊಡಬೇಕಾಗುತ್ತದೆ, ಅದು ಕಡತದಲ್ಲಿ ಉಳಿಯುತ್ತದೆ. ವಿರೋಧ ಪಕ್ಷದ ಶಾಸಕರು ಇದಕ್ಕೆ ಬೇಗ ಒಪ್ಪುತ್ತಾರೆ. ಆಳುವ ಪಕ್ಷದವರನ್ನೂ ಬಿಡಬೇಡಿ. ಅವರು ಮುಂದೂಡಿದರೆ ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಇದ್ದೇ ಇದೆ, ಬಿಪಿಎಲ್ ಕುಟುಂಬದವರಿಗೆ ಆ ಶುಲ್ಕವೂ ಇಲ್ಲ. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು. ಮೂವತ್ತು ದಿನದೊಳಗೆ ಉತ್ತರ ಬರಬೇಕು. ನಿಮ್ಮ ತಾಲ್ಲೂಕಿನ ರೋಗಿಗಳ ಸಂಖ್ಯೆ, ಪಾವತಿಯಾದ ಮೊತ್ತ, ತಿರಸ್ಕೃತವಾದ ಕ್ಲೇಮುಗಳು, ಬಾಕಿ ಉಳಿದ ಹಣ, ಈ ನಾಲ್ಕನ್ನು ಹಿಂದಿನ ಮೂರು ವರ್ಷಗಳಿಗೆ ಕೇಳಲು ಅಷ್ಟು ಪದ ಧಾರಾಳವಾಗಿ ಸಾಕು.