ಟಿಡಿಎಸ್ ಪೆನ್ನು ಹೇಳದ ಸಂಗತಿ

ಮಕ್ಕಳೇ, ಕುವೈತಿನಲ್ಲಿ ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲ. ಹಾಗಾಗಿ ಹೊಳೆಯ ಪಾಠಕ್ಕೆ ಬೆಂಗಳೂರಿಗೇ ಹೋಗೋಣ. ರಜೆಯಲ್ಲಿ ಮೈಸೂರು ರಸ್ತೆ ಹಿಡಿದು ಕೆಂಗೇರಿ ಕಡೆ ಹೋದಾಗ ಮೂಗು ಮುಚ್ಚಿಕೊಂಡದ್ದು ನೆನಪಿದೆಯಾ? "ಮೋರಿ ಅದು" ಅಂತ ದೊಡ್ಡವರು ಹೇಳಿರ್ತಾರೆ. ಮೋರಿ ಅಲ್ಲ, ಅದು ವೃಷಭಾವತಿ ನದಿ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದ ಬಳಿ ಹುಟ್ಟುತ್ತದೆ ಎಂಬುದು ನಂಬಿಕೆ. ವೃಷಭ ಅಂದರೆ ಬಸವ, ಹೆಸರು ಅದರಿಂದಲೇ. ಕೆಂಗೇರಿ ದಾಟಿ, ಬೈರಮಂಗಲ ಕೆರೆ ತುಂಬಿ, ಅರ್ಕಾವತಿ ಸೇರಿ, ಕೊನೆಗೆ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಬೈರಮಂಗಲದ ಸುತ್ತ ರೈತರು ಬೆಳೆಗೂ, ದನದ ಮೇವಿಗೂ ಇದೇ ನೀರು ಹಾಯಿಸುತ್ತಾರೆ. ನಗರ ಬಿಟ್ಟದ್ದು ತಿರುಗಿ ತಟ್ಟೆಗೆ ಬರಬಹುದು.

ಈ ನದಿಯ ಆರೋಗ್ಯ ತಿಳಿಯೋದು ಹೇಗೆ? ತರಗತಿಯಲ್ಲಿ ಕೇಳಿದರೆ "ಟಿಡಿಎಸ್ ಪೆನ್ ಅಂಕಲ್!" ಅಂತೀರಿ. ಆ ಪೆನ್ ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ನೋಡಿ, ಕರಗಿದ ಲವಣ ಎಷ್ಟಿರಬಹುದು ಎಂದು ಅಂದಾಜು ಹೇಳುತ್ತೆ. ಅಷ್ಟೇ. ಕುವೈತ್ ಕೊಲ್ಲಿಯ ಒಂದು ಲೀಟರ್ ನೀರಿನಲ್ಲಿ ಸುಮಾರು 40 ಗ್ರಾಂ ಉಪ್ಪಿದೆ. ಆದರೂ ಅಲ್ಲಿ ಮೀನು, ಏಡಿ, ಸೀಗಡಿ ಎಲ್ಲ ಬದುಕಿವೆ. ಊರಿನ ಕೊಳಚೆ ನೀರಿನಲ್ಲಿ ಸಾಮಾನ್ಯವಾಗಿ ಅದರ ಹತ್ತರಲ್ಲೊಂದು ಪಾಲೂ ಉಪ್ಪಿರಲ್ಲ, ಆದರೆ ಮೀನು ಬದುಕಲ್ಲ. ಪೆನ್ನಿನ ಮಾತು ಕೇಳಿದರೆ ಕೊಲ್ಲಿಗಿಂತ ಕೊಳಚೆಯೇ ವಾಸಿ!

ಮೀನಿಗೆ ಬೇಕಾದ್ದು ನೀರಿನಲ್ಲಿ ಕರಗಿದ ಆಮ್ಲಜನಕ. 25 ಡಿಗ್ರಿಯಲ್ಲಿ ಶುದ್ಧ ನೀರು ಲೀಟರಿಗೆ ಸುಮಾರು 8 ಮಿಲಿಗ್ರಾಂ ಹಿಡಿದಿಟ್ಟುಕೊಳ್ಳುತ್ತದೆ. ನೀರು ಬಿಸಿಯಾದಷ್ಟೂ ಕಡಿಮೆ. ಮೀನುಗಾರಿಕೆಗೆ 4 ಮಿಲಿಗ್ರಾಂ ಆದರೂ ಇರಬೇಕು ಎಂಬುದು ಭಾರತದ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಅಳತೆ. ಕೊಳಚೆ ಸೇರಿದಾಗ ಬ್ಯಾಕ್ಟೀರಿಯಾಗಳು ಅದನ್ನು ತಿನ್ನುತ್ತಾ ಆಮ್ಲಜನಕ ಖಾಲಿ ಮಾಡುತ್ತವೆ. ಆಮೇಲೆ ಆಮ್ಲಜನಕ ಬೇಡದ ಇನ್ನೊಂದು ಗುಂಪು ಶುರುಮಾಡಿ, ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಬಿಡುತ್ತದೆ. ಅಂದರೆ ಮೈಸೂರು ರಸ್ತೆಯಲ್ಲಿ ನಿಮ್ಮ ಮೂಗು ಪೆನ್ನಿಗಿಂತ ಒಳ್ಳೆ ಮೀಟರ್ ಆಗಿತ್ತು.

ಇನ್ನೊಂದು ತೊಂದರೆ ಸಮಯದ್ದು. ನನ್ನ ಕೆಲಸದಲ್ಲಿ ಸರ್ವರ್‌ಗಳನ್ನು ನಿಮಿಷ ನಿಮಿಷಕ್ಕೂ ಗಮನಿಸ್ತೀವಿ. ಹೊಳೆಯಿಂದ ತಿಂಗಳಿಗೊಮ್ಮೆ ಹಗಲಲ್ಲಿ ಒಂದು ಬಾಟಲಿ ನೀರು ತೆಗೆದರೆ, ರಾತ್ರಿ ಯಾರೋ ಸುರಿದ ರಾಸಾಯನಿಕ ಅದರಲ್ಲಿ ಸಿಗುವುದೇ ಇಲ್ಲ. ಹಾಗಾಗಿ ತಜ್ಞರು ಹುಳುಗಳನ್ನೂ ಎಣಿಸುತ್ತಾರೆ. ಮೇಫ್ಲೈ ಎಂಬ ಕೀಟದ ಮರಿಗಳು ವಾರಗಟ್ಟಲೆ ನೀರಲ್ಲೇ ಇರುತ್ತವೆ, ಅವಕ್ಕೆ ಚೆನ್ನಾಗಿ ಆಮ್ಲಜನಕ ಬೇಕು. ಒಂದು ರಾತ್ರಿಯ ವಿಷಕ್ಕೆ ಅವು ಸತ್ತರೆ, ಮುಂದಿನ ವಾರ ಹೋದವರಿಗೂ ಗೊತ್ತಾಗುತ್ತೆ. ಬರೀ ಕೆಂಪು ಹುಳುಗಳಿದ್ದರೆ? ಅವುಗಳಲ್ಲಿ ನಮ್ಮ ರಕ್ತದಲ್ಲಿರುವಂಥ ಹಿಮೋಗ್ಲೋಬಿನ್ ಇದೆ, ಅದರಿಂದ ಕಡಿಮೆ ಆಮ್ಲಜನಕದಲ್ಲೂ ಬದುಕುತ್ತವೆ. ಆ ಹೊಳೆ ಬಹಳ ದಿನದಿಂದ ಉಸಿರುಗಟ್ಟಿದೆ ಅಂತಲೇ ಅರ್ಥ.

ಇದು ಊರಿನ ಕಥೆ ಮಾತ್ರ ಅಂದುಕೊಳ್ಳಬೇಡಿ. 2001ರ ಆಗಸ್ಟ್–ಸೆಪ್ಟೆಂಬರಿನಲ್ಲಿ ಇದೇ ಕುವೈತ್ ಕೊಲ್ಲಿಯಲ್ಲಿ 2,500 ಟನ್ನಿಗೂ ಹೆಚ್ಚು ಮುಲ್ಲೆಟ್ ಮೀನು ಸತ್ತವು. ಪರೀಕ್ಷಿಸಿದಾಗ ಸಿಕ್ಕಿದ್ದು ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾ. ಅದನ್ನೂ ಟಿಡಿಎಸ್ ಪೆನ್ ತೋರಿಸಲ್ಲ.

ಈ ಬೇಸಿಗೆ ರಜೆಗೆ ಒಂದು ಕೆಲಸ. ನಿಮ್ಮೂರಿನ ಹೊಳೆ ಅಥವಾ ರಾಜಕಾಲುವೆಯ ಒಂದೇ ಸೇತುವೆ ಆರಿಸಿ. ವಾರಕ್ಕೆ ಎರಡು ದಿನ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮೇಲಿಂದಲೇ ನೋಡಿ: ಬಣ್ಣ, ನೊರೆ, ವಾಸನೆ, ಮೀನು ಅಥವಾ ಕೊಕ್ಕರೆ ಕಂಡಿತಾ, ಹಿಂದಿನ ದಿನ ಮಳೆ ಬಂದಿತ್ತಾ. ತಾರೀಖು, ಗಂಟೆ ಬರೆಯೋದು ಮರೀಬೇಡಿ. ಏನೂ ಕಾಣದಿದ್ದರೆ "ಏನೂ ಇಲ್ಲ" ಅಂತ ಬರೀರಿ, ಅದೂ ಮಾಹಿತಿಯೇ. ಪೋಷಕರೇ, ದಯವಿಟ್ಟು ಜೊತೆಗಿರಿ, ಮಕ್ಕಳನ್ನು ನೀರಿಗೆ ಇಳಿಸಬೇಡಿ. ರಜೆ ಮುಗಿದ ಮೇಲಿನ ಮೊದಲ ತರಗತಿಗೆ ನೋಟ್‌ಬುಕ್ ತನ್ನಿ, ಎಲ್ಲರ ಅಂಕಿಅಂಶ ಸೇರಿಸಿ ಬೋರ್ಡಿನ ಮೇಲೆ ಗ್ರಾಫ್ ಹಾಕೋಣ.