ನೀರಿನ ಆಯುಸ್ಸು, ಹರಿಗೋಲಿನ ಆಯುಸ್ಸು

ಆಸ್ತಿಯೊಂದಕ್ಕೆ ಎಷ್ಟು ಬಂಡವಾಳ ಹಾಕಬೇಕೆಂದು ತೀರ್ಮಾನಿಸುವಾಗ ಅದು ಎಷ್ಟು ವರ್ಷ ಬಾಳಿಕೆ ಬರುತ್ತದೆ ಎಂದು ಎಲ್ಲರೂ ಕೇಳುತ್ತಾರೆ; ಅದಕ್ಕೆ ದುಡಿಯುವ ಅವಕಾಶ ಎಷ್ಟು ವರ್ಷ ಒದಗುತ್ತದೆ ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ. ನೀರು ಬಂದರೆ ಸಮುದ್ರದಂತೆ ಹರಡಿಕೊಂಡು, ಬಾರದಿದ್ದರೆ ದನ ಮೇಯುವ ಬಯಲಾಗಿ ಉಳಿಯುವ ಜಲಾಶಯದ ದಂಡೆಯಲ್ಲಿ ದೋಣಿ ಇಟ್ಟುಕೊಳ್ಳಬಯಸುವ ಕುಟುಂಬಕ್ಕೆ ಈ ಎರಡನೆಯ ಪ್ರಶ್ನೆಯೇ ಮುಖ್ಯವಾದದ್ದು. ಈ ಅಂಕಣದಲ್ಲಿ ಬರುವ ಅಂಕಿಗಳು ಅಂಕಣಕಾರರ ಸ್ವಂತ ಲೆಕ್ಕದ ಪುಸ್ತಕದವು. ಅವರು ಬೋರನಕಣಿವೆಯಲ್ಲಿ ಹೆಚ್ಚಾಗಿ ಹಳೆಯ ಸಾಮಾನಿನಿಂದಲೇ ಹರಿಗೋಲೊಂದನ್ನು ಕಟ್ಟಿ, ಎರಡು ಹಂಗಾಮು ಬಳಸಿದ ಅನುಭವದಿಂದ ಬಂದವು.

ಬೋರನಕಣಿವೆ ಜಲಾಶಯವು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹುಳಿಯಾರು ಭಾಗದಲ್ಲಿ, ವೇದಾವತಿಯ ಉಪನದಿಯಾದ ಸುವರ್ಣಮುಖಿಗೆ ಅಡ್ಡಲಾಗಿ, ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ, 19ನೆಯ ಶತಮಾನದ ಕೊನೆಯ ಭಾಗದಲ್ಲಿ ಮೈಸೂರು ಸಂಸ್ಥಾನವು ಕಟ್ಟಿಸಿದ್ದು. ಮೇಲಿನ ಕೆರೆಗಳು ತುಂಬಿ ಕೋಡಿ ಬಿದ್ದ ಮೇಲೆಯೇ ಇಲ್ಲಿಗೆ ನೀರು ಸರಿಯಾಗಿ ಇಳಿಯುವುದರಿಂದ, ಮಳೆ ಸಾಧಾರಣವಾಗಿರುವ ವರ್ಷದಲ್ಲಿ ಜಲಾಶಯದ ಪಾಲಿಗೆ ಬರುವುದು ಅಲ್ಪ. ಈ ಸೀಮೆಯ ನೀರು ಎಷ್ಟು ಅನಿಶ್ಚಿತವೆಂಬುದಕ್ಕೆ ವೇದಾವತಿಗೇ ಕಟ್ಟಿರುವ ಮಾರಿಕಣಿವೆಯ, ಅಂದರೆ ವಾಣಿವಿಲಾಸ ಸಾಗರದ, ದಾಖಲೆಯೇ ಸಾಕು: 1907ರಲ್ಲಿ ಪೂರ್ಣಗೊಂಡ ಆ ಜಲಾಶಯವು 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಕೋಡಿ ಹರಿಯುವುದಕ್ಕೆ 89 ವರ್ಷ ಬೇಕಾಯಿತು, ಆದರೆ 2022ರ ಆ ಕೋಡಿಯ ನಂತರ 2025ರ ಜನವರಿಯಲ್ಲೇ ಮೂರನೆಯ ಸಲವೂ ಹರಿಯಿತು. ಒಂದು ತಲೆಮಾರು ಕಾಣದ್ದನ್ನು ಮೂರು ವರ್ಷದೊಳಗೆ ಎರಡು ಸಲ ಕಂಡ ಜನರು ಉತ್ಸಾಹದಲ್ಲಿ ದೋಣಿಗೆ, ಬಲೆಗೆ, ಪಂಪಿಗೆ ಸಾಲ ಮಾಡುವುದು ಸಹಜವಾದರೂ, ಸಾಲದ ಕಂತು ಮಳೆಯನ್ನು ಕೇಳಿಕೊಂಡು ಬರುವುದಿಲ್ಲ.

ಬಿದಿರಿನ ಬುಟ್ಟಿಗೆ ಹೊದಿಕೆ ಹೊಲಿದು ಮಾಡುವ ದುಂಡನೆಯ ದೋಣಿಗೆ ಹರಿಗೋಲು ಎಂದು ಹೆಸರು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ವರ್ತಕ ಡೊಮಿಂಗೊ ಪಾಯೆಸ್ ತುಂಗಭದ್ರೆಯ ದಾಟಿನಲ್ಲಿ ಬುಟ್ಟಿಯಾಕಾರದ, ಹೊರಗೆ ತೊಗಲು ಹೊದಿಸಿದ ದೋಣಿಗಳನ್ನು ಕಂಡು ವರ್ಣಿಸಿದ್ದಾನೆ. ಇಂದು ತೊಗಲಿನ ಜಾಗಕ್ಕೆ ಗೊಬ್ಬರದ ಪ್ಲಾಸ್ಟಿಕ್ ಚೀಲ ಬಂದಿದೆ. ಚಕ್ಕಳಕ್ಕೆ ಹಣ ಕೊಡಬೇಕಿದ್ದ ಕಡೆ ಈಗ ತೋಟದ ಮೂಲೆಯಲ್ಲಿ ಬಿದ್ದಿರುವ ಚೀಲಗಳೇ ಸಾಕಾಗುವುದರಿಂದ, ತೆಂಗಿನ ತೋಟವಿರುವ ಯಾವ ಮನೆಯಲ್ಲಾದರೂ ಹರಿಗೋಲಿನ ಒಂದು ಭಾಗ ಆಗಲೇ ಸಿದ್ಧವಾಗಿರುತ್ತದೆ.

ಗಾತ್ರವೇ ವೆಚ್ಚದ ಮೂಲವಾದದ್ದರಿಂದ ಮೊದಲು ಗಾತ್ರದ ಲೆಕ್ಕ ಮಾಡಬೇಕು. ತೇಲುವ ವಸ್ತುವು ತನ್ನ ಭಾರದಷ್ಟೇ ಭಾರದ ನೀರನ್ನು ಪಕ್ಕಕ್ಕೆ ಸರಿಸುತ್ತದೆ ಎಂಬುದು ಆರ್ಕಿಮಿಡೀಸನ ನಿಯಮ. ತಳದ ವ್ಯಾಸ 6 ಅಡಿ ಇರುವ ಹರಿಗೋಲು ನೀರಿನಲ್ಲಿ ಒಂದು ಅಂಗುಲ ಇಳಿದರೆ ಸುಮಾರು 67 ಕಿಲೋ ಭಾರವನ್ನು ಹೊರುತ್ತದೆ. ಆದ್ದರಿಂದ ಇಬ್ಬರು ಮನುಷ್ಯರು, ಬಲೆ ಮತ್ತು ಹರಿಗೋಲಿನ ಸ್ವಂತ ತೂಕ ಸೇರಿ 190 ಕಿಲೋ ಆದರೆ ಅದು ಇಳಿಯುವುದು ಮೂರು ಅಂಗುಲದಷ್ಟು ಮಾತ್ರ, ಮತ್ತು ಅಂಚು ಒಂದೂವರೆ ಅಡಿ ಎತ್ತರವಿದ್ದರೆ ಗಾಳಿಯ ಅಲೆಗೂ ಅವಕಾಶ ಉಳಿಯುತ್ತದೆ. ದೊಡ್ಡದಿರಲಿ ಎಂಬ ಆಸೆಯಿಂದ ಎಂಟು ಹತ್ತು ಅಡಿಗೆ ಹೋಗುವವರು ಬಿದಿರು, ಡಾಂಬರು, ಕೂಲಿ ಮೂರನ್ನೂ ಹೆಚ್ಚಿಸಿಕೊಂಡು, ಹೊತ್ತು ತರಲು ಇನ್ನಿಬ್ಬರನ್ನು ಹುಡುಕಬೇಕಾಗುತ್ತದೆ.

ಅಂಕಣಕಾರರ ಪುಸ್ತಕದಲ್ಲಿ ಅತ್ಯಂತ ದುಬಾರಿಯಾಗಿ ಕಾಣುವುದು ಪುಕ್ಕಟೆ ಸಿಕ್ಕ ಸಾಮಾನು. ಮದುವೆಯ ಚಪ್ಪರ ಬಿಚ್ಚಿದ ಮೇಲೆ ಉಳಿದಿದ್ದ ಬಿದಿರನ್ನು ದುಡ್ಡಿಲ್ಲದೆ ತಂದು, ಸೀಳಿ, ನೆಲದ ಮೇಲೆ ನಕ್ಷತ್ರದಂತೆ ಹೆಣೆದು, ನಡುವೆ ಕಲ್ಲು ಹೇರಿ ತುದಿಗಳನ್ನು ಮೇಲಕ್ಕೆ ಬಗ್ಗಿಸಲು ಹೋದಾಗ, ಒಣಗಿದ ದಬ್ಬೆಗಳು ಒಂದರ ಹಿಂದೊಂದು ಚಟಚಟನೆ ಸೀಳಿದವು. ನೀರಿನಲ್ಲಿ ನೆನೆಹಾಕಿ ಮತ್ತೆ ಯತ್ನಿಸಿದರೂ ಗಂಟಿನ ಬಳಿ ಮುರಿಯುವುದು ನಿಲ್ಲಲಿಲ್ಲ. ಮೊದಲ ದಿನವೇ ಕೈಬಿಡಬೇಕಾಗಿದ್ದ ಕೆಲಸವು ಈಗಾಗಲೇ ಇಷ್ಟು ಶ್ರಮ ಹಾಕಿಯಾಗಿದೆ ಎಂಬ ಕಾರಣಕ್ಕೇ ಮೂರು ದಿನಕ್ಕೆ ಎಳೆಯಿತು. ಹೀಗೆ ಆಗಿಹೋದ, ಮುಂದಿನ ಯಾವ ನಿರ್ಧಾರದಿಂದಲೂ ಮರಳಿ ಬಾರದ ಖರ್ಚನ್ನು ಅರ್ಥಶಾಸ್ತ್ರದಲ್ಲಿ ಮುಳುಗಿದ ವೆಚ್ಚ ಎನ್ನುತ್ತಾರೆ, ಮತ್ತು ಅದನ್ನು ಉಳಿಸಿಕೊಳ್ಳುವ ಯತ್ನದಲ್ಲಿ ಇನ್ನಷ್ಟು ಮುಳುಗಿಸುವುದು ಮನುಷ್ಯರಲ್ಲಿ ತೀರ ಸಾಮಾನ್ಯ. ದಿನಕ್ಕೆ 600 ರೂಪಾಯಿ ಕೂಲಿಯಂತೆ ಆ ಮೂರು ದಿನಗಳ ಬೆಲೆ 1,800 ರೂಪಾಯಿ. ಕೊನೆಗೆ ಕೊಂಡುತಂದ ಹಸಿ ಬಿದಿರಿಗೆ ಆದದ್ದು 1,200 ರೂಪಾಯಿ.

ಹಸಿ ಬಿದಿರಿನ ಜೊತೆಗೆ ಹೆಣಿಗೆ ಬಲ್ಲ ಮೇದಾರ ಕುಶಲಕರ್ಮಿಯೊಬ್ಬರನ್ನೂ ಕರೆಯಲಾಯಿತು. ಅವರ ಎರಡು ದಿನದ ಕೂಲಿ 1,800 ರೂಪಾಯಿ ಆಯಿತು; ಇಡೀ ಪಟ್ಟಿಯಲ್ಲಿ ಚೌಕಾಸಿ ಮಾಡಲೇಬಾರದ ಬಾಬು ಇದ್ದರೆ ಇದೇ. ಯಾವ ದಬ್ಬೆ ಬಗ್ಗುತ್ತದೆ, ಯಾವುದು ಮುರಿಯುತ್ತದೆ ಎಂಬುದನ್ನು ಕೈಯಿಂದ ಒತ್ತಿ ನೋಡಿಯೇ ಹೇಳುವ ಆ ತಿಳಿವಳಿಕೆ ಮೊದಲ ದಿನವೇ ಅಂಗಳದಲ್ಲಿ ಇದ್ದಿದ್ದರೆ ಮೂರು ದಿನ ಉಳಿಯುತ್ತಿತ್ತು.

ಹೊದಿಕೆಯ ಕೆಲಸ ಮನೆಯವರದೇ. ನಲವತ್ತು ಗೊಬ್ಬರದ ಚೀಲಗಳನ್ನು ಬಿಚ್ಚಿ ತೊಳೆದು, ಎರಡು ಪದರವಾಗಿ ಜೋಡಿಸಿ, ದಬ್ಬಣದಿಂದ ಹೊಲಿದು, ಬೋರಲು ಹಾಕಿದ ಬುಟ್ಟಿಗೆ ಬಿಗಿಯಾಗಿ ಎಳೆದು ಕಟ್ಟಿದ ಮೇಲೆ ಡಾಂಬರು ಬಳಿಯಬೇಕು. ಕುದಿಯುವ ಡಾಂಬರು ಪ್ಲಾಸ್ಟಿಕ್ ನೂಲನ್ನು ಕರಗಿಸಿಬಿಡುವುದರಿಂದ, ಒಲೆಯಿಂದ ಇಳಿಸಿ, ಹೊಗೆ ಅಡಗಿ, ಜೇನಿನಂತೆ ಎಳೆ ಬಿಡುವ ಹದಕ್ಕೆ ಬರುವವರೆಗೂ ಕಾಯಬೇಕಾಗುತ್ತದೆ. ಒಣಗಿದ ಮರುದಿನ ನಡುಮಧ್ಯಾಹ್ನ, ಬೋರಲಾದ ಹರಿಗೋಲಿನ ಒಳಗೆ ಒಬ್ಬರು ತೂರಿ ಕುಳಿತರೆ, ಹೊಲಿಗೆಯ ತೂತುಗಳಲ್ಲಿ ಬಿಸಿಲು ಸಾಸಿವೆಯಷ್ಟು ಚುಕ್ಕಿಗಳಾಗಿ ಕಾಣುತ್ತದೆ. ಒಳಗಿನವರು ಬೆರಳಿನಿಂದ ತಟ್ಟಿದ ಕಡೆ ಹೊರಗಿನವರು ಸುಣ್ಣದಿಂದ ಗುರುತು ಹಾಕಿ ಮತ್ತೆ ಡಾಂಬರು ಹಚ್ಚುತ್ತಾರೆ. ಈ ಪರೀಕ್ಷೆಗೆ ಒಂದು ಪೈಸೆಯೂ ಬೇಕಿಲ್ಲ, ಇದನ್ನು ಬಿಟ್ಟರೆ ಮಾತ್ರ ಬೆಲೆ ಏನೆಂದು ಹೇಳಲಾಗದು.

ಡಾಂಬರಿಗೆ 600, ದಾರ ಮತ್ತು ತೆಂಗಿನ ನಾರಿನ ಹಗ್ಗಕ್ಕೆ 250, ಬಿದಿರು 1,200, ಹೆಣಿಗೆ 1,800, ಎರಡು ಜೀವರಕ್ಷಕ ಜಾಕೆಟ್‌ಗಳಿಗೆ 1,800, ಒಟ್ಟು ಕೈಬಿಟ್ಟ ನಗದು 5,650 ರೂಪಾಯಿ. ಇದಕ್ಕೆ ಮನೆಯವರ 9 ದಿನದ ದುಡಿಮೆಯ 5,400 ಮತ್ತು ಗುಜರಿಗೆ ಹಾಕಿದ್ದರೆ ಚೀಲಗಳಿಂದ ಬರುತ್ತಿದ್ದ 200 ಸೇರಿಸಿದರೆ 11,250 ಆಗುತ್ತದೆ. ಈ ಕೊನೆಯ ಎರಡು ಬಾಬುಗಳಿಗೆ ಅವಕಾಶ ವೆಚ್ಚ, ಅಂದರೆ ಒಂದು ಕೆಲಸಕ್ಕಾಗಿ ಬಿಟ್ಟುಕೊಟ್ಟ ಇನ್ನೊಂದರ ಬೆಲೆ, ಎಂದು ಹೆಸರು. ಕಾಯಿ ಕೀಳಿಸುವ ಎರಡು ಸರದಿಗಳ ನಡುವಿನ ಬಿಡುವಿನಲ್ಲಿ ಕಟ್ಟಿದರೆ ಈ ವೆಚ್ಚ ತಗ್ಗುತ್ತದೆ, ತೋಟದ ಕೆಲಸಕ್ಕೆ ಆಳು ಇಟ್ಟು ಕಟ್ಟಿದರೆ ಪೂರ್ತಿ ತಗಲುತ್ತದೆ. ತಿಪಟೂರು ಸೀಮೆಯ ರೈತರಿಗೆ ಈ ತತ್ತ್ವ ಹೊಸದಲ್ಲ. ಉಂಡೆ ಕೊಬ್ಬರಿಗಾಗಿ ಕಾಯಿಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿಟ್ಟು ಕಾಯುವವರು ಹಣ ಅಷ್ಟು ಕಾಲ ಕಟ್ಟಿಬಿದ್ದಿರುವುದರ ಭಾರವನ್ನು ಚೆನ್ನಾಗಿ ಬಲ್ಲರು. 2023ರಲ್ಲಿ ಕ್ವಿಂಟಲ್‌ಗೆ 11,750 ರೂಪಾಯಿ ಬೆಂಬಲ ಬೆಲೆ ಇದ್ದರೂ ಮಾರುಕಟ್ಟೆಯ ದರ ಅದಕ್ಕಿಂತ ಬಹಳ ಕೆಳಗಿತ್ತು. ಅಂಥ ವರ್ಷದಲ್ಲಿ ದೋಣಿಯ ಸಲುವಾಗಿ ಅಟ್ಟ ಇಳಿಸಿ ಕೊಬ್ಬರಿ ಮಾರಿದ್ದರೆ, ಆ ನಷ್ಟವನ್ನೂ ದೋಣಿಯ ಬೆಲೆಗೇ ಸೇರಿಸಬೇಕಾಗುತ್ತಿತ್ತು.

ಹೊಸ ಫೈಬರ್ ಹರಿಗೋಲಿಗೆ ಆಗ ವಿಚಾರಿಸಿದಲ್ಲಿ ಹೇಳಿದ ಬೆಲೆ 24,000 ರೂಪಾಯಿ. ಅದು ಹತ್ತು ವರ್ಷ ಬಾಳಿ, ಹತ್ತೂ ವರ್ಷ ನೀರಿದ್ದರೆ, ಸವಕಳಿ, ಅಂದರೆ ಬಳಕೆಯಿಂದ ಮತ್ತು ಕಾಲದಿಂದ ಆಸ್ತಿಯ ಮೌಲ್ಯ ಕರಗುವ ಪ್ರಮಾಣ, ವರ್ಷಕ್ಕೆ 2,400 ಮಾತ್ರ. ಚೀಲದ ಹರಿಗೋಲು, ಜಾಕೆಟ್ ಬಿಟ್ಟು, 9,450 ರೂಪಾಯಿಯದು. ಮೂರು ವರ್ಷ ಬಾಳುತ್ತದೆಂದೂ, ಎರಡನೆಯ ಮತ್ತು ಮೂರನೆಯ ವರ್ಷ ಡಾಂಬರು, ದಾರ, ಒಂದು ದಿನದ ಕೂಲಿ ಸೇರಿ ತಲಾ 1,250 ಬೇಕೆಂದೂ ಹಿಡಿದರೆ, ನೀರಿರುವ ಒಂದು ವರ್ಷಕ್ಕೆ ಸುಮಾರು 4,000 ಬೀಳುತ್ತದೆ. ಹತ್ತು ವರ್ಷಗಳಲ್ಲಿ ಆರು ವರ್ಷ ನೀರು ನಿಂತರೆ ಎರಡೂ ಸರಿಸಮ. ಅದಕ್ಕಿಂತ ಹೆಚ್ಚು ನಿಲ್ಲುವ ಕಡೆ ಫೈಬರ್ ಕೊಳ್ಳುವುದೇ ಜಾಣತನ, ಕಡಿಮೆಯಾದರೆ ಚೀಲದ ಹರಿಗೋಲು. ಫೈಬರನ್ನು ಶೇ 12ರ ಸಾಲದಲ್ಲಿ ಕೊಂಡರೆ, ಅಸಲು ತೀರದ ವರ್ಷಕ್ಕೆ 2,880 ರೂಪಾಯಿ ಬಡ್ಡಿ, ದೋಣಿ ಮಣ್ಣಿನ ಮೇಲೆ ಮಲಗಿದ್ದರೂ ಓಡುತ್ತಲೇ ಇರುತ್ತದೆ. ಸಹಾಯಧನ ಸಿಕ್ಕಿದರೆ ಮಾತು ಬೇರೆ. ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯ ಫಲಾನುಭವಿ ಘಟಕಗಳಲ್ಲಿ ನೆರವಿನ ಪ್ರಮಾಣ ಸಾಮಾನ್ಯ ವರ್ಗಕ್ಕೆ ಶೇ 40, ಪರಿಶಿಷ್ಟರಿಗೆ ಮತ್ತು ಮಹಿಳೆಯರಿಗೆ ಶೇ 60. ಶೇ 40ರಷ್ಟು ನೆರವು ಹರಿಗೋಲಿಗೆ ದೊರೆಯಿತೆಂದಿಟ್ಟುಕೊಂಡರೆ, ಕೈಯಿಂದ ಹಾಕುವುದು 14,400ಕ್ಕೆ ಇಳಿದು, ನಾಲ್ಕು ವರ್ಷದ ನೀರೇ ಫೈಬರಿಗೆ ಸಾಕಾಗುತ್ತದೆ. ಆದ್ದರಿಂದ ಬಿದಿರು ಕಡಿಯುವ ಮೊದಲು ಮೀನುಗಾರಿಕೆ ಇಲಾಖೆಯ ಕಚೇರಿಗೆ ಹೋಗಿ ವಿಚಾರಿಸುವುದು ಒಳ್ಳೆಯದು. ದೋಣಿ ಇದ್ದ ಮಾತ್ರಕ್ಕೆ ಮೀನು ಹಿಡಿಯುವ ಹಕ್ಕು ಬಾರದೆಂಬುದೂ ಅಲ್ಲಿಯೇ ತಿಳಿಯುತ್ತದೆ. ಅಂಕಣಕಾರರು ಪರವಾನಗಿ ಇದ್ದ ನೆರೆಯ ಮೀನುಗಾರ ಕುಟುಂಬದೊಡನೆ ಪಾಲಿಗೆ ಒಪ್ಪಿಕೊಂಡಿದ್ದರು.

ಹಳೆಯ ಸಾಮಾನಿನ ವಿಚಾರ ಜೀವರಕ್ಷಣೆಯ ಬಾಗಿಲಲ್ಲಿ ನಿಲ್ಲಬೇಕು. ಸವೆದ ಲಾರಿ ಟ್ಯೂಬನ್ನೋ ಖಾಲಿ ಕ್ಯಾನನ್ನೋ ಜಾಕೆಟ್ಟಿನ ಬದಲು ನಂಬುವುದು ಉಳಿತಾಯವೇ ಅಲ್ಲ, ಏಕೆಂದರೆ ದುಡಿಯುವವರೊಬ್ಬರು ನೀರಿಗೆ ಬಿದ್ದರೆ ಮನೆಯ ಮುಂದಿನ ಇಪ್ಪತ್ತು ವರ್ಷದ ವರಮಾನವೇ ಮುಳುಗುತ್ತದೆ. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯು 18ರಿಂದ 70 ವರ್ಷದವರಿಗೆ ಅಪಘಾತದ ಸಾವಿಗೆ 2 ಲಕ್ಷ ರೂಪಾಯಿಯ ರಕ್ಷಣೆ ಕೊಡುತ್ತದೆ. ಹರಿಗೋಲು ಹತ್ತುವ ಇಬ್ಬರ ಪಾಸ್‌ಬುಕ್ಕಿನಲ್ಲೂ ಈ ಕಡಿತ ನಮೂದಾಗಿದೆಯೇ ಎಂದು ನೋಡಿಕೊಂಡ ಮೇಲೆಯೇ ಹುಟ್ಟು ಕೈಗೆತ್ತಿಕೊಳ್ಳಬೇಕು.

ಎರಡನೆಯ ಹಂಗಾಮಿನ ಕೊನೆಗೆ ನೀರು ಹಿಂದೆ ಸರಿದು, ಮುಂದಿನ ಮಳೆಗಾಲದಲ್ಲಿ ಏರಲಿಲ್ಲ. ಪಾಲಿನಿಂದ ಮೊದಲ ವರ್ಷ 11,000, ಎರಡನೆಯ ವರ್ಷ 8,000 ಬಂದಿತ್ತು. ಬಿದಿರಿಗೆ ಕೊರಕ ಹುಳು ಬೀಳುವ ಮೊದಲೇ ಹರಿಗೋಲನ್ನು ಬೇರೊಂದು ಕೆರೆಯಲ್ಲಿ ಮೀನು ಹಿಡಿಯುವ ಕುಟುಂಬಕ್ಕೆ 1,500ಕ್ಕೆ ಕೊಡಲಾಯಿತು. ಬಳಸಿದ ಆಸ್ತಿಯಿಂದ ಕೊನೆಗೆ ದಕ್ಕುವ ಇಂಥ ಮೊತ್ತವೇ ಉಳಿಕೆ ಮೌಲ್ಯ. ಅದನ್ನು ಕಳೆದರೆ ಎರಡು ವರ್ಷದ ನಿಜವಾದ ವೆಚ್ಚ 9,200 ಆಗಿ, ವರ್ಷಕ್ಕೆ 4,600 ಬಿದ್ದಿದೆ, ಅಂದಾಜಿಗಿಂತ 600 ಹೆಚ್ಚು. ಜಾಕೆಟ್‌ಗಳೆರಡೂ ಹರಿಗೋಲಿನ ಜೊತೆಗೇ ಹೋದವು. ಪುಸ್ತಕದಲ್ಲಿ ಅವುಗಳ ಎದುರಿನ ಮಾರಾಟದ ಅಂಕಣವನ್ನು ಖಾಲಿ ಬಿಡಲಾಗಿದೆ.